ತಾಮ್ರದ ಅಚ್ಚೋ, ಆಫ್‌ಸೆಟ್ಟೋ?

ಪ್ರಶ್ನೆ: ಹಳೇ ಸಾಮಾನಿನ ಅಂಗಡಿಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್‌ರ ಕಪ್ಪು-ಬಿಳುಪು ಭಾವಚಿತ್ರವೊಂದು ಸಿಕ್ಕಿತು. ಕೆಳಗೆ ‘ಚೇಂಬರ್ಲಿನ್ ಪಿಂಕ್ಸಿಟ್’, ‘ಫಿಶರ್ ಫೆಸಿಟ್’ ಎಂದಿದೆ. ಇದು ಅಸಲಿಯೇ? ಅವರ ಹಿಂದೆ ಗಂಟೆಗಳೇಕೆ?

ಉತ್ತರ: ‘ಪಿಂಕ್ಸಿಟ್’ ಅಂದರೆ ಬಣ್ಣದಲ್ಲಿ ಬರೆದವರು, ‘ಫೆಸಿಟ್’ ಅಂದರೆ ಅಚ್ಚಿನ ತಟ್ಟೆ ಮಾಡಿದವರು. ಮೇಸನ್ ಚೇಂಬರ್ಲಿನ್ 1762ರಲ್ಲಿ ಲಂಡನ್ನಿನಲ್ಲಿ ಬರೆದ ತೈಲಚಿತ್ರವನ್ನು ಎಡ್ವರ್ಡ್ ಫಿಶರ್ 1763ರಲ್ಲಿ ಮೆಜೊಟಿಂಟ್ (ತಾಮ್ರದ ತಟ್ಟೆಯಿಂದ ತೆಗೆಯುವ ಅಚ್ಚು) ಆಗಿ ಅಚ್ಚಿಗೆ ತಂದರು. ಹೆಸರಿದೆಯೆಂದು ನಂಬಬೇಡಿ, ಫೋಟೊ ತೆಗೆದು ಮರುಮುದ್ರಿಸಿದರೆ ಹೆಸರೂ ಜೊತೆಗೇ ಬರುತ್ತದೆ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದು ಕೋಟಿನ ನೆರಳು ನೋಡಿ. ಸಮ ಅಂತರದ ಚುಕ್ಕಿಗಳ ಸಾಲು ಕಂಡರೆ ಅದು ಹಾಫ್‌ಟೋನ್, ಅಂದರೆ ಫೋಟೊವನ್ನು ಚುಕ್ಕಿಗಳಾಗಿ ಒಡೆದು ಆಫ್‌ಸೆಟ್‌ನಂಥ ಯಂತ್ರದಲ್ಲಿ ಮುದ್ರಿಸಿದ್ದು, ಮುಂದೆ ನೋಡುವುದೇ ಬೇಡ. ಮೆಜೊಟಿಂಟ್‌ನಲ್ಲಿ ತಾಮ್ರದ ತಟ್ಟೆಯ ಮೇಲೆ ಹಲ್ಲುಳ್ಳ ಕಮಾನಿನ ಉಳಿಯನ್ನು ಹಲವು ದಿಕ್ಕಿಗೆ ತೂಗಿ ಇಡೀ ಮೈ ತರಿತರಿ ಮಾಡುತ್ತಾರೆ. ಹಾಗೇ ಅಚ್ಚೊತ್ತಿದರೆ ಬರೀ ಕಪ್ಪು. ಬೆಳಕು ಬೇಕಾದಲ್ಲೆಲ್ಲ ತರಿಯನ್ನು ಹೆರೆದು ನಯಗೊಳಿಸಬೇಕು, ಅಂದರೆ ಕತ್ತಲೊಳಗಿಂದ ಮುಖ ತೆಗೆಯುವ ಕೆಲಸ. ಹಾಗಾಗಿ ನಡುನೆರಳಿನಲ್ಲಿ ಉಳಿಯ ಹಲ್ಲಿನ ಗುಳಿಗಳು ಅಡ್ಡಾದಿಡ್ಡಿ ಸಾಲಾಗಿ ಕಾಣಬೇಕು.

ಚಿತ್ರದ ಸುತ್ತ ಬೆರಳಾಡಿಸಿದರೆ ತಟ್ಟೆ ಒತ್ತಿದ ತಗ್ಗು ಸಿಗಬೇಕು. ಆದರೆ ಅದೊಂದೇ ಸಾಲದು. ಫೋಟೊವನ್ನೇ ತಾಮ್ರದ ತಟ್ಟೆಗಿಳಿಸಿ ಒತ್ತುವ ಫೋಟೊಗ್ರವ್ಯೂರ್‌ಗೂ ಆ ತಗ್ಗು ಇರುತ್ತದೆ, ಹಲವರು ಮೋಸಹೋಗುವುದು ಇಲ್ಲೇ. ಬೆಳಕಿಗೆ ಹಿಡಿದಾಗ ಕಾಗದದಲ್ಲಿ ಸುಮಾರು 2.5 ಸೆಂ.ಮೀ.ಗೊಂದು ಗೆರೆ, ಅದಕ್ಕಡ್ಡಲಾಗಿ ಒತ್ತೊತ್ತು ಗೆರೆ ಕಂಡರೆ ಒಳ್ಳೇ ಲಕ್ಷಣ, ತಂತಿಜಾಲರಿಯ ಅಚ್ಚಿನಲ್ಲಿ ಮಾಡಿದ ಹಳೇ ಬಗೆಯ ಕಾಗದದ ಗುರುತದು. ಕಪ್ಪು ಮಖಮಲ್ಲಿನಂತಿರದೆ ಬೂದಿಬಣ್ಣಕ್ಕೆ ತಿರುಗಿದ್ದರೆ ನಕಲಿಯೇ ಆಗಬೇಕಿಲ್ಲ. ತರಿ ಬೇಗ ಸವೆಯುವುದರಿಂದ ತಡವಾಗಿ ತೆಗೆದ ಪ್ರತಿಯೂ ಹಾಗಿರುತ್ತದೆ.

ಲ್ಯಾಮಿನೇಶನ್, ಸೆಲ್ಲೋಟೇಪು ಬೇಡವೇ ಬೇಡ. ಸುಕ್ಕು ಬಿಡಿಸಲು ಇಸ್ತ್ರಿ ಮಾಡಿದರೆ ತಟ್ಟೆಯ ಗುರುತೇ ಅಳಿಸೀತು.

ಇನ್ನು ಗಂಟೆ. ಸಿಡಿಲಿನ ವಿದ್ಯುತ್ತಿನ ಮೇಲೆ ಪ್ರಯೋಗ ಮಾಡುತ್ತಿದ್ದ ಫ್ರಾಂಕ್ಲಿನ್ 1752ರಲ್ಲಿ ಫಿಲಡೆಲ್ಫಿಯಾದ ಮನೆಯ ಮೇಲೆ ಕಬ್ಬಿಣದ ಸಲಾಕೆ ನಿಲ್ಲಿಸಿ, ಅದರಿಂದಿಳಿದ ತಂತಿಯನ್ನು ಮಲಗುವ ಕೋಣೆಯ ಬಾಗಿಲೆದುರು ಎರಡಾಗಿ ತುಂಡರಿಸಿದ್ದರು. ತುದಿಗಳ ನಡುವೆ ಆರು ಅಂಗುಲ ಅಂತರ, ಒಂದೊಂದು ತುದಿಗೆ ಒಂದೊಂದು ಪುಟ್ಟ ಗಂಟೆ, ಮಧ್ಯೆ ರೇಷ್ಮೆ ದಾರದಲ್ಲಿ ತೂಗುವ ಹಿತ್ತಾಳೆ ಗುಂಡು. ವಿದ್ಯುತ್ ತುಂಬಿದ ಮೋಡ ಬಂದಾಗ ಗುಂಡು ಆ ಗಂಟೆಗೂ ಈ ಗಂಟೆಗೂ ಬಡಿಯುತ್ತಿತ್ತು. ಚಿತ್ರದಲ್ಲಿ ಅವರು ಲೇಖನಿ ಹಿಡಿದೇ ಗಂಟೆಯತ್ತ ತಿರುಗಿದ್ದಾರೆ. ಕಿಟಕಿಯಾಚೆ ಸಿಡಿಲು ಬಡಿಯುತ್ತಿದೆ.