ಬರ್ಲಿನ್‌ನಲ್ಲಿ ನೀಲಿ ಕೂದಲನ್ನು ಯಾರೂ ತಿರುಗಿ ನೋಡುವುದಿಲ್ಲ

ತುಮಕೂರಿನಿಂದ ಬರೆದಿದ್ದೀಯ: ಬರ್ಲಿನ್‌ಗೆ ಬರುತ್ತಿದ್ದೇನೆ, ಅರ್ಧ ತಲೆ ಬೋಳಿಸಿ ಉಳಿದರ್ಧಕ್ಕೆ ನೀಲಿ ಬಣ್ಣ ಹಾಕಿಸಿಕೊಂಡಿದ್ದೇನೆ, ಅಲ್ಲಿ ಜನ ಏನಂತಾರೆ ಅಂತ. ಬೆಂಗಳೂರಲ್ಲಿ ಗೆಳೆಯರ ಜೊತೆ ಗೋಡೆ ಬರೆಯುತ್ತಿದ್ದೆ, ಅಲ್ಲೂ ಬರೆಯಬಹುದಾ ಅಂತಲೂ ಕೇಳಿದ್ದೀಯ. ಬೆರ್ಗ್‌ಹೈನ್ ಅನ್ನುವ ಆ ಹೆಸರುವಾಸಿ ಡ್ಯಾನ್ಸ್ ಕ್ಲಬ್‌ನಲ್ಲಿ ಒಳಗೆ ಬಿಡ್ತಾರಾ, ಕಪ್ಪು ಬಟ್ಟೆಯೇ ಆಗಬೇಕಾ ಅಂತ ಕೊನೆಗೆ. ಅಕ್ಕ ಅಂತ ಕರೆದಿದ್ದೀಯಲ್ಲ, ಹಾಗಾಗಿ ಸುತ್ತಿಬಳಸದೆ ಹೇಳುತ್ತೇನೆ.

ಕೂದಲಿನ ವಿಷಯ ಮೊದಲು. ಯಾರೂ ಏನೂ ಅನ್ನುವುದಿಲ್ಲ. ನಾನಿರುವ ನೊಯ್‌ಕೋಲ್ನ್ ಕಡೆ ಭಾನುವಾರ ಬೆಳಗ್ಗೆ ಮೆಟ್ರೊ ಹತ್ತಿದರೆ, ಕುತ್ತಿಗೆಗೆ ನಾಯಿಪಟ್ಟಿ ಕಟ್ಟಿಕೊಂಡು, ಬಲೆಯಂಥ ಬನಿಯನ್ ಹಾಕಿಕೊಂಡು, ರಾತ್ರಿಯೆಲ್ಲ ಕುಣಿದು ಬಂದ ಗಂಡಸು ಕೂತಿರುತ್ತಾನೆ. ಅವನ ಪಕ್ಕದಲ್ಲೇ ಅಜ್ಜಿ ಪದಬಂಧ ಬಿಡಿಸುತ್ತಿರುತ್ತಾಳೆ, ತಲೆ ಎತ್ತುವುದಿಲ್ಲ. ನಿನ್ನ ನೀಲಿ ಕೂದಲು ಯಾವ ಲೆಕ್ಕ?

ಆದರೆ ಇದರಲ್ಲೂ ಒಂದು ತೊಂದರೆ ಇದೆ. ತುಮಕೂರಲ್ಲಿ ಆ ಕೂದಲಿಗಾಗಿ ನೀನು ಮನೆಯವರ ಜೊತೆ, ಬೀದಿಯವರ ಜೊತೆ, ಕಾಲೇಜಿನವರ ಜೊತೆ ಜಗಳ ಆಡಿದ್ದೀಯ. ಇಲ್ಲಿ ಜಗಳಕ್ಕೆ ಯಾರೂ ಸಿಗುವುದಿಲ್ಲ. ಮೊದಲ ಕೆಲವು ತಿಂಗಳು ಹಾಯೆನಿಸುತ್ತದೆ, ಆಮೇಲೆ ಏನೋ ಖಾಲಿ ಖಾಲಿ. ಆ ಹೊತ್ತಿಗೆ ಯಾರಾದರೂ ನೋಡಲಿ ಅಂತಲೇ ಮುಖದ ಮೇಲೆ ಹಚ್ಚೆ ಹಾಕಿಸಿಕೊಂಡವರನ್ನು ಕಂಡಿದ್ದೇನೆ. ಸ್ವಲ್ಪ ತಡಿ. ಆಮೇಲೂ ಕನ್ನಡಿ ಮುಂದೆ ಆ ನೀಲಿ ನಿನಗೆ ಇಷ್ಟವಾದರೆ ಅದು ನಿನ್ನದೇ. ಇನ್ನೊಂದು ಮಾತು, ಯಾರೂ ಹೇಳುವುದಿಲ್ಲ ಅಂತ ನಾನೇ ಹೇಳುತ್ತಿದ್ದೇನೆ: ನಿನ್ನ ಕೂದಲು ನೋಡದವರು ನಿನ್ನ ಮೈಬಣ್ಣ ನೋಡಬಹುದು. ಮನೆ ಹುಡುಕುವಾಗ ನಿನ್ನ ಹೆಸರು ಕೇಳಿಯೇ ಫೋನ್ ಇಡುವವರೂ ಇದ್ದಾರೆ. ಊರಿಗೆ ಊರೇ ಉದಾರ ಅಂದುಕೊಂಡು ಬರಬೇಡ.

ಈ ನಿರ್ಲಕ್ಷ್ಯವೂ ಸುಮ್ನೆ ಬಂದದ್ದಲ್ಲ. ಗೋಡೆಯೊಂದು ಊರನ್ನು ಪೂರ್ವ, ಪಶ್ಚಿಮ ಅಂತ ಸೀಳಿದ್ದ 1980ರ ದಶಕದಲ್ಲಿ, ಕಮ್ಯುನಿಸ್ಟ್ ಆಳ್ವಿಕೆಯ ಪೂರ್ವ ಬರ್ಲಿನ್‌ನಲ್ಲಿ ಪಂಕ್ ಅನ್ನುವ ಬಂಡಾಯದ ಸಂಗೀತಕ್ಕೆ ಮರುಳಾದ ಹುಡುಗ ಹುಡುಗಿಯರು ಕೂದಲು ನೆಟ್ಟಗೆ ನಿಲ್ಲಿಸಿಕೊಂಡು ಬೀದಿಗಿಳಿದರೆ ಗುಪ್ತಪೊಲೀಸ್ ಶ್ಟಾಸಿ ಬೆನ್ನು ಹತ್ತುತ್ತಿತ್ತು. ಕೆಲವರು ಜೈಲಿಗೂ ಹೋದರು. ಅವರಿಗೆ ಹಾಡಲು ಜಾಗ ಕೊಟ್ಟದ್ದು, ನಂಬುತ್ತೀಯೋ ಇಲ್ಲವೋ, ಕೆಲವು ಚರ್ಚುಗಳು. ಪಶ್ಚಿಮದ ಕಡೆ 1949ರಲ್ಲೇ ಬಾರ್ ಮುಚ್ಚುವ ಹೊತ್ತು ಅನ್ನುವ ನಿಯಮ ತೆಗೆದುಹಾಕಿದ್ದರು. ಅಲ್ಲಿದ್ದವರಿಗೆ ಕಡ್ಡಾಯ ಸೈನ್ಯ ಸೇವೆಯೂ ಇರಲಿಲ್ಲ, ಹಾಗಾಗಿ ಸೈನ್ಯ ಬೇಡವೆಂದ ಹುಡುಗರೆಲ್ಲ ಬಂದು ಸೇರಿದರು. 1989ರಲ್ಲಿ ಗೋಡೆ ಬಿದ್ದ ಮೇಲೆ ಪೂರ್ವದಲ್ಲಿ ಯಾರದ್ದು ಅಂತ ಗೊತ್ತಿಲ್ಲದ ಖಾಲಿ ಕಟ್ಟಡಗಳು ಎಷ್ಟೋ ಇದ್ದವು. 1990ರಲ್ಲಿ ಕಲಾವಿದರು ಟಾಖೆಲೆಸ್ ಅನ್ನುವ ಪಾಳುಬಿದ್ದ ಅಂಗಡಿ ಕಟ್ಟಡಕ್ಕೆ ನುಗ್ಗಿ ಕೂತರು. 1991ರಲ್ಲಿ ಹಳೆಯ ವೆರ್ಟ್‌ಹೈಮ್ ಮಳಿಗೆಯ ನೆಲಮಾಳಿಗೆಯ ತಿಜೋರಿ ಕೋಣೆಯಲ್ಲೇ ಟ್ರೆಸೋರ್ ಕ್ಲಬ್ ಶುರುವಾಯಿತು. ಟಾಖೆಲೆಸ್‌ನಿಂದ 2012ರಲ್ಲಿ ಎಲ್ಲರನ್ನೂ ಎಬ್ಬಿಸಿದರು. ಈಗ ಅಲ್ಲಿ ಟಿಕೆಟ್ ಕೊಟ್ಟು ಫೋಟೊ ಪ್ರದರ್ಶನ ನೋಡಬಹುದು, ಮೆಟ್ಟಿಲಿನ ಗೋಡೆಯ ಮೇಲೆ ಹಳೆಯ ಗ್ರಾಫಿಟಿಯನ್ನು ಜೋಪಾನ ಮಾಡಿದ್ದಾರೆ. ನನಗೇನೋ ಅದು ಶೋಕೇಸಿನ ಹುಲಿ ಅನಿಸುತ್ತದೆ.

ಗೋಡೆ ಬರೆಯೋದು. ಬೆಂಗಳೂರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಅಲ್ಲಿನ ರಸ್ತೆ ಗುಂಡಿಯಲ್ಲಿ ಮೊಸಳೆಯ ಪ್ರತಿಮೆ ಇಟ್ಟಾಗ ಜನ ಸೆಲ್ಫಿ ತೆಗೆದುಕೊಂಡರು. ಇಲ್ಲಿ ಕೇಳದೆ ಗೋಡೆಗೆ ಬಣ್ಣ ಹೊಡೆದರೆ ಆಸ್ತಿ ಹಾನಿ ಕೇಸು. ಮೊದಲೆಲ್ಲ ಬಣ್ಣದಿಂದ ಗೋಡೆ ನಿಜಕ್ಕೂ ಹಾಳಾಗಿದೆ ಅಂತ ಕೋರ್ಟಿನಲ್ಲಿ ತೋರಿಸಬೇಕಿತ್ತು, ಎಷ್ಟೋ ಜನ ಅಲ್ಲೇ ನುಸುಳಿಕೊಳ್ಳುತ್ತಿದ್ದರು. 2005ರಲ್ಲಿ ಕಾನೂನು ಬದಲಾಯಿತು, ಈಗ ಗೋಡೆ ಕಾಣುವ ರೀತಿ ಬದಲಾಯಿಸಿದರೂ ಸಾಕು. ದಂಡ ಇಲ್ಲವೇ 2 ವರ್ಷದವರೆಗೆ ಜೈಲು. ಒರೆಸುವ ಖರ್ಚು ಬೇರೆ ಕೇಳುತ್ತಾರೆ. ಇಲ್ಲಿಯ ಹುಡುಗ ಸಿಕ್ಕಿಬಿದ್ದರೆ ಅಪ್ಪ ದಂಡ ಕಟ್ಟುತ್ತಾನೆ, ನೀನು ವೀಸಾದ ಚಿಂತೆಯನ್ನೂ ಮಾಡಬೇಕು. ನಿಂತ ರೈಲಿಗೆ ಬಣ್ಣ ಹೊಡೆಯಲು ರೈಲಿನ ಯಾರ್ಡ್‌ಗೆ ಹೋಗೋಣ ಬಾ ಅಂತ ಯಾರಾದರೂ ಕರೆದರೆ ಹೋಗಬೇಡ, ಅಷ್ಟೇ.

ಮಾವರ್‌ಪಾರ್ಕ್‌ಗೆ ಹೋಗು. ಗುಡ್ಡದ ಮೇಲೆ ಹಳೆಯ ಬರ್ಲಿನ್ ಗೋಡೆಯ ತುಂಡೊಂದು ಉಳಿದಿದೆ, ಅಲ್ಲಿ ಹಗಲಲ್ಲೇ ಬರೆಯಬಹುದು. ಹತ್ತಿರ ಹೋಗಿ ನೋಡು: ಬಣ್ಣದ ಮೇಲೆ ಬಣ್ಣ ಕೂತು ಪದರ ದಪ್ಪಗೆ ಬೆಳೆದಿದೆ, ಎಲ್ಲಾದರೂ ಒಂದು ಚಕ್ಕೆ ಎದ್ದರೆ ಅಂಚಿನಲ್ಲಿ ಕೆಂಪು, ಬೆಳ್ಳಿ, ಹಸಿರು, ಮತ್ತೆ ಕೆಂಪು ಅಂತ ಸಣ್ಣ ಸಣ್ಣ ಗೆರೆಗಳು ಕಾಣುತ್ತವೆ. ನೆಲದ ತುಂಬ ಸ್ಪ್ರೇ ಕ್ಯಾನಿನ ಕ್ಯಾಪ್‌ಗಳು. ಮಧ್ಯಾಹ್ನ ನೀನು ಬರೆದದ್ದರ ಮೇಲೆ ಸಂಜೆಗೆ ಇನ್ನೊಬ್ಬ ಬರೆದಿರುತ್ತಾನೆ, ಬೇಜಾರು ಮಾಡಿಕೊಳ್ಳಬಾರದು. ಗೆಳೆತನ ಬೆಳೆಯುವುದೂ ಅಲ್ಲೇ, ಕ್ಯಾಪ್ ಕೇಳಿ ಮಾತು ಶುರುವಾಗುತ್ತದೆ. ಇನ್ನು ಕ್ರಾಯ್ಟ್ಸ್‌ಬೆರ್ಗ್‌ನಲ್ಲಿ ಮೇಲೆ ಓಡುವ ಯು1 ರೈಲಿನ ಕಿಟಕಿ ಪಕ್ಕ ಕೂತರೆ ಎತ್ತರದ ಕಟ್ಟಡಗಳ ಮೇಲಿಂದ ಕೆಳಕ್ಕಿಳಿದ ಕೆಂಪು ನೀಲಿ ಅಕ್ಷರಗಳು ಕಾಣುತ್ತವೆ. ಬರ್ಲಿನ್ ಕಿಡ್ಸ್ ಅನ್ನುವ ಗುಂಪಿನವರು ಹಗ್ಗ ಕಟ್ಟಿಕೊಂಡು ಇಳಿದು ಬರೆದದ್ದು, ಶೈಲಿ ಬ್ರೆಜಿಲ್‌ನ ಸಾವೊ ಪೌಲೊದಿಂದ ಬಂದದ್ದು. ನೋಡಿ ಖುಷಿಪಡು, ಹಗ್ಗ ಕೊಳ್ಳಬೇಡ.

ನನ್ನ ಮನಸ್ಸಿನಲ್ಲಿ ಉಳಿದಿರುವುದು ಮಾತ್ರ ಈಗ ಇಲ್ಲದ ಎರಡು ಚಿತ್ರಗಳು. ಬ್ಲೂ ಅನ್ನುವ ಇಟಲಿಯ ಕಲಾವಿದ ಕುವ್ರಿ ಬೀದಿಯಲ್ಲಿ ಕಟ್ಟಡದಷ್ಟು ಎತ್ತರ ಬರೆದಿದ್ದ, ಒಂದರಲ್ಲಿ ಒಬ್ಬನ ಎರಡೂ ಕೈಯ ಚಿನ್ನದ ವಾಚುಗಳೇ ಸರಪಳಿಯಿಂದ ಬಿಗಿದ ಬೇಡಿಯಾಗಿದ್ದವು. ಪಕ್ಕದ ಖಾಲಿ ಜಾಗದಲ್ಲಿ ದುಬಾರಿ ಕಟ್ಟಡ ಬರುತ್ತದೆ, ಈ ಚಿತ್ರ ತೋರಿಸಿಯೇ ರೇಟು ಏರಿಸುತ್ತಾರೆ ಅಂತ ಗೊತ್ತಾದಾಗ 2014ರ ಡಿಸೆಂಬರಿನಲ್ಲಿ ಅವನ ಒಪ್ಪಿಗೆಯ ಮೇಲೆಯೇ ಎರಡಕ್ಕೂ ಕಪ್ಪು ಬಳಿದರು. ಎಂಥ ಎದೆಗಾರಿಕೆ ಅಲ್ವಾ!

ಕ್ಲಬ್ ವಿಷಯಕ್ಕೆ ಬರುತ್ತೇನೆ. ನೀನು ಕೇಳಿದ್ದು ಬೆರ್ಗ್‌ಹೈನ್. ಹಳೆಯ ವಿದ್ಯುತ್ ಸ್ಥಾವರದಲ್ಲಿ 2004ರಿಂದ ಇದೆ, ಶನಿವಾರ ರಾತ್ರಿ ಶುರುವಾದರೆ ಸೋಮವಾರ ಬೆಳಗ್ಗೆವರೆಗೆ. ಬಾಗಿಲಲ್ಲಿ ನಿಲ್ಲುವವರಲ್ಲಿ ಹೆಸರಾದವರು ಸ್ವೆನ್ ಮಾರ್ಕ್ವಾರ್ಟ್, ಮುಖದ ತುಂಬ ಹಚ್ಚೆ, ಪೂರ್ವ ಬರ್ಲಿನ್‌ನಲ್ಲೇ ಫೋಟೊಗ್ರಾಫರ್ ಆಗಿದ್ದವರು. ಯಾರನ್ನು ಬಿಡುತ್ತಾರೆ ಅನ್ನುವುದಕ್ಕೆ ಬರೆದಿಟ್ಟ ನಿಯಮ ಇಲ್ಲ. ಗುಂಪು ಕಟ್ಟಿಕೊಂಡು, ಕುಡಿದು ಗಲಾಟೆ ಮಾಡುತ್ತ ಹೋದರೆ ವಾಪಸ್. ಒಳಗೆ ಬಿಟ್ಟರೆ ಫೋನಿನ ಹಿಂದೆ ಮುಂದೆ ಎರಡೂ ಕ್ಯಾಮೆರಾಕ್ಕೆ ಸಣ್ಣ ಸ್ಟಿಕರ್ ಅಂಟಿಸುತ್ತಾರೆ. ಆ ಸ್ಟಿಕರೇ ಎಲ್ಲಕ್ಕಿಂತ ಮುಖ್ಯ ಅಂತ ನನ್ನ ಅಭಿಪ್ರಾಯ. ಫೋಟೊ ಆಫೀಸಿಗೋ ಊರಿಗೋ ಹೋಗುವುದಿಲ್ಲ ಅಂತ ಗೊತ್ತಿದ್ದರೆ ಮಾತ್ರ ಬ್ಯಾಂಕಿನ ಗುಮಾಸ್ತ ಸ್ಕರ್ಟ್ ಹಾಕಿಕೊಂಡು ಬರುತ್ತಾನೆ.

ಕಪ್ಪು ಬಟ್ಟೆ ಬೇಕೇಬೇಕು ಅಂತಿಲ್ಲ. ಬಂದ ಹೊಸದರಲ್ಲಿ ನಮ್ಮ ಹುಡುಗರು ಹುಡುಗಿಯರು ಎಲ್ಲರೂ ಕಪ್ಪು ಟೀಶರ್ಟು ಕಪ್ಪು ಬೂಟಿಗೆ ಇಳಿಯುತ್ತಾರೆ, ಸಾಲಿನಲ್ಲಿ ನಿಂತರೆ ಯಾರು ಯಾರು ಅಂತ ಗೊತ್ತಾಗುವುದಿಲ್ಲ. ಮನೆಯಲ್ಲಿ ಅಜ್ಜಿಯ ಬುಗುಡಿ ಇದ್ದರೆ ಕೇಳಿ ಇಸಕೊಂಡು ಬಾ. ಇಲ್ಲಿ ಪಿಯರ್ಸಿಂಗ್ ಅಂಗಡಿಯಲ್ಲಿ ದುಡ್ಡು ಕೊಟ್ಟು ಕಿವಿಯ ಮೇಲಂಚಿಗೆ ಚುಚ್ಚಿಸಿಕೊಳ್ಳುವ ಜಾಗವೇ ಅದು. ಒಂದು ಇಳಕಲ್ ಸೀರೆಯನ್ನೂ ತಾ. ಒರಾನಿಯೆನ್ ಬೀದಿಯ ಎಸ್ಒ36 ಹಳೆಯ ಪಂಕ್ ಜಾಗ, ಅಲ್ಲಿ ಗೇಹಾನೆ ಅಂತ ಪಾರ್ಟಿ ನಡೆಯುತ್ತದೆ. ಟರ್ಕಿ, ಅರಬ್ ಹಾಡಿಗೆ ಕ್ವಿಯರ್ ಜನ, ಅಂದರೆ ಸಲಿಂಗಿಗಳು, ಟ್ರಾನ್ಸ್ ಮಂದಿ, ಕೈ ಕೈ ಹಿಡಿದು ಕುಣಿಯುತ್ತಾರೆ. ಬೂಟಿನ ಮೇಲೆ ಸೀರೆ ಉಟ್ಟು ಹೋದರೂ ನಡೆಯುತ್ತದೆ. ಬೆರ್ಗ್‌ಹೈನ್ ಸಾಲಿಗಿಂತ ಮೊದಲು ಅಲ್ಲಿಗೆ ಹೋಗು.

ಬೇಗ ಹೋಗು ಕೂಡ. ಬಾಡಿಗೆ ಏರಿ ಜಾಗಗಳು ಮುಚ್ಚುತ್ತಿವೆ, ಹೊಳೆ ದಂಡೆಯ ವಾಟರ್‌ಗೇಟ್ 2024ರ ಕೊನೆಗೆ ಬಾಗಿಲು ಹಾಕಿತು. ಅದೇ ವರ್ಷ ಈ ಕ್ಲಬ್‌ಗಳಲ್ಲಿ ಕುಣಿಸುವ ಬರ್ಲಿನ್ ಟೆಕ್ನೊ ಸಂಗೀತವನ್ನು ಜರ್ಮನಿಯ ಪರಂಪರೆ ಪಟ್ಟಿಗೆ ಸೇರಿಸಿದರು. ಪಟ್ಟಿ ಬಾಡಿಗೆ ಕಟ್ಟುವುದಿಲ್ಲ.

ಬಟ್ಟೆಗೆ ಜಾಸ್ತಿ ದುಡ್ಡು ಇಡಬೇಡ, ಫ್ರಾಂಕ್‌ಫುರ್ಟರ್ ಟೋರ್ ಹತ್ತಿರ ಮಹಡಿ ಮಹಡಿ ತುಂಬ ಹಳೆಬಟ್ಟೆ ಮಾರುವ ಹುಮಾನಾ ಇದೆ. ಫುಟ್‌ಪಾತ್‌ನಲ್ಲಿ ಬೇಕಾದವರು ಒಯ್ಯಿರಿ ಅಂತ ಬರೆದ ಡಬ್ಬಗಳಲ್ಲೂ ಒಳ್ಳೆ ಬೂಟು ಸಿಗುತ್ತವೆ. ಕೂದಲಿಗೆ ಮಾತ್ರ ಅಲ್ಲೇ ಬಣ್ಣ ಹಾಕಿಸಿಕೊಂಡು ಬಾ, ಇಲ್ಲಿ ಸಲೂನ್‌ನಲ್ಲಿ ಬ್ಲೀಚ್ ಮಾಡಿಸುವ ರೇಟು ಕೇಳಿದರೆ ಮತ್ತೆ ಕಪ್ಪು ಕೂದಲೇ ಚೆಂದ ಅನಿಸಿಬಿಡುತ್ತದೆ.