1896ರ ಪ್ಲೇಗು: ಜನರು ವಿರೋಧಿಸಿದ್ದು ಯಾವುದನ್ನು?

ನಿಮ್ಮ ಪ್ರಶ್ನೆಯಲ್ಲಿ ಮುಖ್ಯವಾಗಿ ಎರಡು ಭಾಗಗಳಿವೆ. ನೂರಿಪ್ಪತ್ತೈದು ವರ್ಷಗಳಿಗೂ ಹಿಂದೆ ಪ್ಲೇಗು ನಮ್ಮ ಕಡೆಗೆ ಬಂದಾಗ ಮೊದಮೊದಲು ಅದು ಹೇಗೆ ಹರಡಿತು ಎಂಬುದು ಒಂದು. ಆಗ ಜನರು ಸರ್ಕಾರದ ನಿರ್ಬಂಧಗಳಿಗೆ ತಿರುಗಿಬಿದ್ದದ್ದು ಮೂಢನಂಬಿಕೆಯಿಂದಲೇ ಅಲ್ಲವೇ ಎಂಬುದು ಇನ್ನೊಂದು. ಎರಡನೆಯದಕ್ಕೆ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮೂಢನಂಬಿಕೆ ಇತ್ತು, ಸುಳ್ಳುಸುದ್ದಿಯೂ ಬೇಕಾದಷ್ಟಿತ್ತು. ಆದರೆ ಈ ರೋಗದ ಬಗ್ಗೆ ಒಂದು ಮುಖ್ಯವಾದ ಸಂಗತಿ ಆ ಹೊತ್ತಿಗೆ ಅಧಿಕಾರಿಗಳಿಗಿಂತ ಜನರಿಗೇ ಚೆನ್ನಾಗಿ ಗೊತ್ತಿತ್ತು, ಮತ್ತು ಜನರ ಸಿಟ್ಟಿನ ಬಹುಪಾಲು ಚಿಕಿತ್ಸೆಯ ಮೇಲಿನದಾಗಿರದೆ, ಮನೆಯೊಳಗೆ ನುಗ್ಗಿ ಬಂದ ರೀತಿಯ ಮೇಲಿನದಾಗಿತ್ತು. ನಾನು ವೈದ್ಯನಲ್ಲ, ಇತಿಹಾಸದ ಪಾಠ ಹೇಳಿ ನಿವೃತ್ತನಾದವನು. ಆ ಮಿತಿಯಲ್ಲಿ ನನಗೆ ತಿಳಿದುದನ್ನು ಬರೆಯುತ್ತೇನೆ.

ಜನರಿಗೆ ಗೊತ್ತಿದ್ದ ಆ ಸಂಗತಿ ಇಲಿಯದು. ತಿಪಟೂರಿನ ಕಡೆಯ ನಮ್ಮ ಊರಿನಲ್ಲಿ ಪ್ಲೇಗು ಆಗೀಗ ಬಂದುಹೋಗುತ್ತಿದ್ದ ದಿನಗಳನ್ನು ನನ್ನ ಅಜ್ಜಿ ಬಾಲ್ಯದಲ್ಲಿ ಕಂಡವರು. ಅವರು ಯಾವತ್ತೂ "ಪ್ಲೇಗು ಬಂತು" ಎಂದು ಕಥೆಯನ್ನು ಆರಂಭಿಸಿದವರಲ್ಲ. "ಇಲಿ ಬಿತ್ತು" ಎಂದೇ ಆರಂಭಿಸುತ್ತಿದ್ದರು. ಅಟ್ಟದಿಂದ ಇಲಿ ತಾನಾಗಿ ಉದುರಿ ಸತ್ತರೆ ಆ ಸಂಜೆಯೊಳಗೆ ಪಾತ್ರೆ ಪಡಗ, ದನಕರು, ಒಂದಿಷ್ಟು ರಾಗಿಯೊಡನೆ ಊರಾಚೆಯ ಹೊಲಕ್ಕೆ ಹೋಗಿ, ತೆಂಗಿನ ಗರಿಯ ಗುಡಿಸಲು ಹಾಕಿಕೊಂಡು ಎರಡು ಮೂರು ತಿಂಗಳು ಅಲ್ಲೇ ಇರುತ್ತಿದ್ದರಂತೆ. ಇದನ್ನು ಅವರಿಗೆ ಯಾವ ಆರೋಗ್ಯಾಧಿಕಾರಿಯೂ ಕಲಿಸಿರಲಿಲ್ಲ.

ಈಗ ಮೊದಲ ಭಾಗಕ್ಕೆ ಬರುತ್ತೇನೆ. ಪ್ಲೇಗು 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಕಾಣಿಸಿಕೊಂಡಿತು. ಆ ವರ್ಷವೇ ಅಲೆಕ್ಸಾಂಡರ್ ಯೆರ್ಸಿನ್ ಅದರ ರೋಗಾಣುವನ್ನು ಗುರುತಿಸಿದರು. ಅಲ್ಲಿಂದ ಹಡಗುಗಳ ಜೊತೆ ಅದು ಮುಂಬಯಿಗೆ ಬಂದು, 1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯಲ್ಲಿ ತಲೆಯೆತ್ತಿತು. ಮಾಂಡ್ವಿ ಎಂದರೆ ಬಂದರಿಗೆ ಅಂಟಿಕೊಂಡ, ಧಾನ್ಯದ ಗೋದಾಮುಗಳು ಕಿಕ್ಕಿರಿದ ಪ್ರದೇಶ. ಮೂಟೆಗಳ ನಡುವೆ ಇಲಿ, ಇಲಿಯ ಮೈಮೇಲೆ ಚಿಗಟ, ಗೋದಾಮಿನ ಮೇಲ್ಮಾಳಿಗೆಯಲ್ಲಿ ಕೂಲಿಕಾರರ ಸಂಸಾರ; ರೋಗಕ್ಕೆ ಇದಕ್ಕಿಂತ ಅನುಕೂಲವಾದ ಜಾಗ ಸಿಗುವುದು ಕಷ್ಟ. ಅಲ್ಲಿ ವೈದ್ಯರಾಗಿದ್ದ ಡಾ. ಅಕಾಸಿಯೊ ವಿಯೇಗಸ್ ತಾವು ನೋಡುತ್ತಿದ್ದ ಜ್ವರ ಮತ್ತು ಗಡ್ಡೆಗಳನ್ನು ಪ್ಲೇಗೆಂದು ಗುರುತಿಸಿ ಸೆಪ್ಟೆಂಬರ್ 23ರಂದು ನಗರಸಭೆಯ ಮುಂದೆ ಹೇಳಿದರು. ಆದರೆ ಆ ಹೆಸರನ್ನು ಬಾಯಿಬಿಟ್ಟು ಹೇಳುವುದಕ್ಕೆ ಆಡಳಿತ ಕೆಲಕಾಲ ಹಿಂದೆಮುಂದೆ ನೋಡಿತು. ಹೆಸರು ಹೊರಬಿದ್ದರೆ ಬಂದರಿನ ವ್ಯಾಪಾರ ನಿಲ್ಲುತ್ತದೆಂಬ ಭಯ ಅದಕ್ಕೆ ಕಾರಣ. ಯಾವುದೇ ಸಾಂಕ್ರಾಮಿಕದ ಮೊದಲ ವಾರಗಳಲ್ಲಿ ಮುಚ್ಚಿಡುವವರು ಜನರಷ್ಟೇ ಎಂದು ಭಾವಿಸುವವರು ಈ ಎರಡು ವಾರಗಳನ್ನು ಒಮ್ಮೆ ನೋಡಬೇಕು.

ಹಿಂಜರಿಕೆ ಮುಗಿದ ಮೇಲೆ ಬಂದದ್ದು ಅವಸರ. ಅಕ್ಟೋಬರ್ 6ರಂದು ಮುನಿಸಿಪಲ್ ಕಮಿಷನರ್ ಸ್ನೋ ಅವರು ರೋಗಿಗಳನ್ನು ಬಲವಂತವಾಗಿಯಾದರೂ ಬೇರ್ಪಡಿಸಿ ಆಸ್ಪತ್ರೆಗೆ ಸಾಗಿಸುವ ಅಧಿಕಾರವನ್ನು ಕೈಗೆತ್ತಿಕೊಂಡು ಪ್ರಕಟಣೆ ಹೊರಡಿಸಿದರು. ಆ ಕಾಲದ ಕೂಲಿಯವನೊಬ್ಬನ ಕಣ್ಣಿನಿಂದ ಇದನ್ನು ನೋಡಿ. ಅವನ ಹೆಂಡತಿಗೆ ಜ್ವರ ಬಂದಿದೆ. ಅಪರಿಚಿತರು ಮನೆಯೊಳಗೆ ಬಂದು, ಗಡ್ಡೆ ಇದೆಯೇ ಎಂದು ತೊಡೆಸಂದು ಕಂಕುಳುಗಳನ್ನು ಪರೀಕ್ಷಿಸಿ, ಗಾಡಿಯಲ್ಲಿ ಹಾಕಿಕೊಂಡು ಹೋಗುತ್ತಾರೆ. ಮನೆಯವರು ಜೊತೆಗೆ ಹೋಗುವಂತಿಲ್ಲ. ಅಲ್ಲಿ ಅಡಿಗೆ ಮಾಡುವವರು ಯಾರೋ, ಸತ್ತರೆ ಸಂಸ್ಕಾರ ಮಾಡುವವರು ಯಾರೋ ತಿಳಿಯದು. ಕೊನೆಯ ಘಟ್ಟದಲ್ಲಿ ಒಯ್ದವರಲ್ಲಿ ಬಹುಪಾಲು ಜನರು ಬದುಕಲಿಲ್ಲ. ಹೊರಗಿದ್ದವರಿಗೆ ಕಂಡದ್ದಾದರೂ ಒಳಗೆ ಹೋದವರು ಹಿಂದಿರುಗುವುದಿಲ್ಲ ಎಂಬುದಷ್ಟೆ. ಅಕ್ಟೋಬರ್ 29ರಂದು ಸುಮಾರು ಒಂದು ಸಾವಿರ ಮಿಲ್ ಕೆಲಸಗಾರರು ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆ ದಾಳಿ ಮಾಡಿದರು.

ಇದರ ಮುಂದಿನ ಹೆಜ್ಜೆಯನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ; ನನಗೆ ಅದೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಸ್ನೋ ತಮ್ಮ ಆದೇಶವನ್ನು ಸಡಿಲಿಸಿದರು. ಗುಂಪಿಗೆ ಹೆದರಿದ್ದು ಒಂದು ಕಾರಣವಾದರೆ, ನಗರದ ಮಲ ಹೊರುತ್ತಿದ್ದ ಹಲಾಲ್‌ಖೋರರು ಹೆದರಿ ಊರು ಬಿಟ್ಟರೆ ಮುಂಬಯಿ ಒಂದೇ ವಾರದಲ್ಲಿ ಕೊಳೆತುಹೋಗುತ್ತದೆ ಎಂಬ ಲೆಕ್ಕಾಚಾರ ಇನ್ನೊಂದು. ನಗರವನ್ನು ಯಾರು ನಡೆಸುತ್ತಿದ್ದಾರೆ ಎಂಬುದು ಅಧಿಕಾರಕ್ಕೆ ಅರಿವಾಗಲು ಒಂದು ಮಹಾಮಾರಿಯೇ ಬರಬೇಕಾಯಿತು. ಅಷ್ಟರಲ್ಲಿ ಊರು ಬಿಡುವ ಕೆಲಸ ಶುರುವಾಗಿಹೋಗಿತ್ತು. 1897ರ ಫೆಬ್ರವರಿಯ ಹೊತ್ತಿಗೆ ಎಂಟು ಲಕ್ಷದಷ್ಟು ಜನರಿದ್ದ ಮುಂಬಯಿಯಿಂದ ಮೂರೂವರೆ ಲಕ್ಷಕ್ಕೂ ಹೆಚ್ಚು ಜನರು ಹೊರಟುಹೋಗಿದ್ದರೆಂದು ಅಂದಾಜು.

ಇಲ್ಲಿ ಒಂದು ಭೇದವನ್ನು ಮಾಡಿಕೊಳ್ಳಬೇಕು. ನನ್ನ ಅಜ್ಜಿಯ ಮನೆಯವರು ಊರು ಬಿಟ್ಟದ್ದು ಅರ್ಧ ಮೈಲಿ ದೂರದ ಬಯಲಿಗೆ, ಇಲಿಗಳಿಲ್ಲದ ಜಾಗಕ್ಕೆ. ಮುಂಬಯಿಯವರು ಊರು ಬಿಟ್ಟದ್ದು ರೈಲಿನಲ್ಲಿ, ನೂರಾರು ಮೈಲಿ ದೂರದ ನೆಂಟರ ಮನೆಗೆ, ಹಾಸಿಗೆ ಬಟ್ಟೆಗಳ ಗಂಟಿನ ಸಮೇತ. ಮೊದಲನೆಯದು ಜೀವ ಉಳಿಸಿತು. ಎರಡನೆಯದು ರೋಗವನ್ನು ಹರಡಿತು. ಪುಣೆಗೆ, ಆಮೇಲೆ ಧಾರವಾಡ ಹುಬ್ಬಳ್ಳಿಗಳಿಗೆ ಪ್ಲೇಗು ತಲುಪಿದ ದಾರಿ ರೈಲುದಾರಿಯೇ. ಆದ್ದರಿಂದ ಜನರು ಮಾಡಿದ್ದೆಲ್ಲವೂ ಸರಿ ಎಂದು ನಾನು ವಾದಿಸುತ್ತಿಲ್ಲ.

ಇತ್ತ ಯುರೋಪಿನ ದೇಶಗಳು 1897ರಲ್ಲಿ ವೆನಿಸ್‌ನಲ್ಲಿ ಸಭೆ ಸೇರಲು ಹೊರಟು, ಭಾರತದಿಂದ ಬರುವ ಹಡಗುಗಳನ್ನು ತಡೆಯುವ ಮಾತಾಡತೊಡಗಿದವು. ಕಲ್ಕತ್ತೆಯಲ್ಲಿದ್ದ ಭಾರತ ಸರ್ಕಾರ ಒಂದೇ ವಾರದಲ್ಲಿ ಕಾನೂನೊಂದನ್ನು ಸಿದ್ಧಪಡಿಸಿ ಫೆಬ್ರವರಿ 4ರಂದು ಅಂಗೀಕರಿಸಿತು. ನಾಲ್ಕೇ ಕಲಮುಗಳ ಆ ಸಾಂಕ್ರಾಮಿಕ ರೋಗಗಳ ಕಾಯಿದೆಯಲ್ಲಿ ರೈಲು ಪ್ರಯಾಣಿಕರನ್ನು ತಡೆದು ಪರೀಕ್ಷಿಸುವ, ಶಂಕಿತರನ್ನು ಪ್ರತ್ಯೇಕವಾಗಿಡುವ ಅಧಿಕಾರವಿತ್ತು. ಆದೇಶ ಮೀರಿದವರಿಗೆ ದಂಡಸಂಹಿತೆಯ 188ನೆಯ ಕಲಮಿನ ಶಿಕ್ಷೆಯಿತ್ತು. ಸದುದ್ದೇಶದಿಂದ ಕ್ರಮ ಕೈಗೊಂಡ ಅಧಿಕಾರಿಯ ಮೇಲೆ ದಾವೆ ಹೂಡುವಂತಿಲ್ಲ ಎಂಬ ರಕ್ಷಣೆಯೂ ಇತ್ತು. ರೋಗಿಗೆ ಸಿಗಬೇಕಾದುದರ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ.

ಪುಣೆಯಲ್ಲಿ ಆದದ್ದನ್ನು ನೀವು ಶಾಲೆಯಲ್ಲೇ ಓದಿರುತ್ತೀರಿ, ಹಾಗಾಗಿ ಅದನ್ನು ಬೆಳೆಸುವುದಿಲ್ಲ. ಅಲ್ಲಿನ ಪ್ಲೇಗು ಅಧಿಕಾರಿ ಡಬ್ಲ್ಯೂ. ಸಿ. ರ‍್ಯಾಂಡ್ ಸೈನಿಕರನ್ನು ಮನೆಮನೆಗೆ ಕಳುಹಿಸಿ ಶೋಧನೆ ಮಾಡಿಸಿದ್ದು, 1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ಅವರ ಮೇಲೆ ಗುಂಡು ಹಾರಿಸಿದ್ದು, ತಿಲಕರಿಗೆ ರಾಜದ್ರೋಹದ ಆರೋಪದ ಮೇಲೆ ಹದಿನೆಂಟು ತಿಂಗಳ ಸಜೆಯಾದದ್ದು ಎಲ್ಲರಿಗೂ ತಿಳಿದ ಕಥೆ. ಕಡಿಮೆ ತಿಳಿದಿರುವುದೆಂದರೆ ಅದೇ ಪುಣೆಯಲ್ಲಿ ಅದೇ ವರ್ಷದ ಮಾರ್ಚ್ 10ರಂದು, ಪ್ಲೇಗು ರೋಗಿಗಳ ಶುಶ್ರೂಷೆ ಮಾಡುತ್ತ ಸಾವಿತ್ರಿಬಾಯಿ ಫುಲೆ ತಾವೇ ಪ್ಲೇಗಿಗೆ ಬಲಿಯಾದರು. ಹಾಗೆ ಕೈಹಿಡಿದು ಕರೆದುಕೊಂಡು ಹೋಗುವವರ ಚಿಕಿತ್ಸಾಲಯಕ್ಕೂ ಸಿಪಾಯಿಗಳು ಎಳೆದೊಯ್ಯುವ ಆಸ್ಪತ್ರೆಗೂ ಇದ್ದ ವ್ಯತ್ಯಾಸ ಜನರಿಗೆ ತಿಳಿಯದೆ ಇರುತ್ತದೆಯೇ?

ಇಷ್ಟೆಲ್ಲ ಬಲಪ್ರಯೋಗ ನಿಂತಿದ್ದ ವೈಜ್ಞಾನಿಕ ಬುನಾದಿಯಾದರೂ ಎಂಥದು? ರೋಗ ಕೊಳಕಿನಲ್ಲಿ, ನೆಲದಲ್ಲಿ, ಮನುಷ್ಯನ ಮೈಯಲ್ಲಿ ಇದೆಯೆಂದು ಆಗ ನಂಬಿದ್ದರು. ಅದಕ್ಕಾಗಿ ಚರಂಡಿಗಳಿಗೆ ನೀರು ಹಾಯಿಸಿದರು, ಗೋಡೆಗಳಿಗೆ ಸುಣ್ಣ ಬಳಿದರು, ಪಾದರಸದ ದ್ರಾವಣವನ್ನು ಮನೆಯೊಳಗೆಲ್ಲ ಎರಚಿದರು, ಬಿಸಿಲು ಬೀಳಲೆಂದು ಮಾಡಿನ ಹೆಂಚುಗಳನ್ನು ತೆಗೆಸಿದರು, ರೈಲು ನಿಲ್ದಾಣಗಳಲ್ಲಿ ಗಂಡಸರು ಹೆಂಗಸರೆನ್ನದೆ ಮೈಮುಟ್ಟಿ ಪರೀಕ್ಷಿಸಿದರು. ಅದೇ ರೈಲಿನ ಸರಕು ಡಬ್ಬಿಯಲ್ಲಿ ಧಾನ್ಯದ ಮೂಟೆಗಳ ನಡುವೆ ಇಲಿ ಮತ್ತು ಚಿಗಟಗಳು ಯಾರ ತಪಾಸಣೆಗೂ ಒಳಗಾಗದೆ ಸಾಗುತ್ತಿದ್ದವು. ಪ್ಲೇಗನ್ನು ಇಲಿಯಿಂದ ಹೊತ್ತು ತರುವುದು ಚಿಗಟ ಎಂದು ಪಾಲ್ ಲೂಯಿ ಸಿಮೋಂ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು 1898ರಲ್ಲಿ. ಅದನ್ನು ಸರ್ಕಾರದ ತಜ್ಞರು ಒಪ್ಪಲು ಇನ್ನೂ ಏಳೆಂಟು ವರ್ಷಗಳು ಹಿಡಿದವು. ಅಲ್ಲಿಯವರೆಗೆ "ಇಲಿ ಬಿದ್ದ ಮನೆಯಲ್ಲಿ ಮಲಗಬೇಡ" ಎಂದ ಹಳ್ಳಿಯ ಮುದುಕಿಯ ಮಾತು ಸರ್ಕಾರದ ಸುತ್ತೋಲೆಗಳಿಗಿಂತ ಸತ್ಯಕ್ಕೆ ಹತ್ತಿರವಾಗಿತ್ತು.

ಸುಳ್ಳುಸುದ್ದಿಗಳ ಬಗ್ಗೆಯೂ ಹೇಳಬೇಕು, ಇಲ್ಲವಾದರೆ ಉತ್ತರ ಪ್ರಾಮಾಣಿಕವಾಗುವುದಿಲ್ಲ. ಮುಂಬಯಿಯಲ್ಲಿದ್ದ ವಿಕ್ಟೋರಿಯಾ ರಾಣಿಯ ಪ್ರತಿಮೆಗೆ ಯಾರೋ ಟಾರು ಬಳಿದಿದ್ದರು. ಅದರಿಂದ ಕೋಪಗೊಂಡ ರಾಣಿ ಪ್ರಜೆಗಳ ಯಕೃತ್ತುಗಳನ್ನು ಕಿತ್ತು ಕಳುಹಿಸಲು ಹೇಳಿದ್ದಾಳೆ ಎಂಬ ಸುದ್ದಿ ಹಬ್ಬಿತ್ತು. ಆಸ್ಪತ್ರೆಯಲ್ಲಿ ಹೆಣಗಳಿಂದ ಎಣ್ಣೆ ತೆಗೆಯುತ್ತಾರೆ, ಸೂಜಿಮದ್ದಿನಲ್ಲಿ ವಿಷವಿದೆ ಎಂದೂ ಜನ ನಂಬಿದ್ದರು. ಇವು ಅಸಂಬದ್ಧವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಈ ಎಲ್ಲ ವದಂತಿಗಳೂ ಒಂದೇ ಕಡೆಗೆ ಬೆರಳು ತೋರುತ್ತವೆ: ನಮ್ಮ ದೇಹದ ಮೇಲೆ ಅವರಿಗೆ ಏನೋ ಕಣ್ಣಿದೆ ಎಂಬ ಅನುಮಾನಕ್ಕೆ. ಮಡಿ ಮೈಲಿಗೆಯ ಅಂಜಿಕೆ, ಪರದಾ ಪದ್ಧತಿ ಎಲ್ಲವೂ ಇದರೊಳಗೆ ಬೆರೆತಿದ್ದವು, ನಿಜ. ಆದರೂ ಜಾತಿ ಮತ್ತು ಸಮುದಾಯಗಳು ತಮ್ಮದೇ ಆಸ್ಪತ್ರೆಗಳನ್ನು ತೆರೆಯಲು ಮುಂಬಯಿಯಲ್ಲಿ ಅವಕಾಶ ಸಿಕ್ಕ ಮೇಲೆ ಅದೇ ಜನರು ರೋಗಿಗಳನ್ನು ತಾವೇ ಕರೆತರತೊಡಗಿದ್ದನ್ನು ಗಮನಿಸಿ.

ನಮ್ಮ ಹುಬ್ಬಳ್ಳಿ ಇದಕ್ಕೆ ಇನ್ನೂ ಒಳ್ಳೆಯ ಉದಾಹರಣೆ. ವಾಲ್ಡೆಮಾರ್ ಹಾಫ್ಕಿನ್ ಮುಂಬಯಿಯಲ್ಲಿ ಲಸಿಕೆಯನ್ನು ತಯಾರಿಸಿ 1897ರ ಜನವರಿ 10ರಂದು ಮೊದಲು ತಮ್ಮ ಮೈಗೇ ಚುಚ್ಚಿಕೊಂಡಿದ್ದರು. ಮರುವರ್ಷ ರೈಲ್ವೆ ಕಾರ್ಖಾನೆಯ ಊರಾದ ಹುಬ್ಬಳ್ಳಿಯಲ್ಲಿ ಪ್ಲೇಗು ಭೀಕರವಾಗಿ ಹಬ್ಬಿದಾಗ, 1898ರ ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಅಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನರು ಲಸಿಕೆ ಹಾಕಿಸಿಕೊಂಡರು. ಸುಮಾರು ಐವತ್ತು ಸಾವಿರ ಜನರ ಊರಿನಲ್ಲಿ ಇದು ಸಣ್ಣ ಸಂಖ್ಯೆಯಲ್ಲ. ಅದೇ ವರ್ಷ ಕಲ್ಕತ್ತೆಯಲ್ಲಿ ಬಲವಂತದ ಲಸಿಕೆಯ ವದಂತಿಯೊಂದರಿಂದಲೇ ಗಲಭೆಯಾಗಿತ್ತು. ಮುಂಬಯಿ ಪ್ರಾಂತದಲ್ಲಿ ಲಸಿಕೆ ಪಡೆದವರಿಗೆ ಪ್ರಮಾಣಪತ್ರ ಕೊಟ್ಟು ಕೆಲವು ನಿರ್ಬಂಧಗಳಿಂದ ವಿನಾಯಿತಿ ನೀಡುತ್ತಿದ್ದರು, ಆ ಆಕರ್ಷಣೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಚುಚ್ಚಿಸಿಕೊಂಡ ನೆರೆಯವನು ಬದುಕಿರುವುದನ್ನು ಕಣ್ಣಾರೆ ಕಂಡ ಮೇಲೆ ಜನರನ್ನು ಹೆಚ್ಚು ಒತ್ತಾಯಿಸಬೇಕಾಗಿರಲಿಲ್ಲ.

ಬೆಂಗಳೂರಿಗೆ ಪ್ಲೇಗು ಬಂದದ್ದು 1898ರ ಆಗಸ್ಟಿನಲ್ಲಿ, ಹುಬ್ಬಳ್ಳಿಯ ಕಡೆಯಿಂದ, ರೈಲಿನಲ್ಲಿಯೇ. ಆಗ ಪೇಟೆ ಮೈಸೂರು ಸರ್ಕಾರದ ಕೈಯಲ್ಲಿ, ದಂಡು, ಅಂದರೆ ಕಂಟೋನ್ಮೆಂಟ್, ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿ. ಇಲಿಗಳಿಗೆ ಮಾತ್ರ ಆ ಗಡಿ ಗೊತ್ತಿರಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ವಿ. ಪಿ. ಮಾಧವರಾವ್ ಪ್ಲೇಗು ಕಮಿಷನರ್ ಆಗಿದ್ದರು. ಜಾತಿಯ ಕಾರಣದಿಂದ ತಿರುವಾಂಕೂರಿನಲ್ಲಿ ಕೆಲಸ ಸಿಗದೆ ಮೈಸೂರು ಸರ್ಕಾರದ ಸೇವೆಗೆ ಬಂದಿದ್ದ ಡಾ. ಪಲ್ಪು ಬೆಂಗಳೂರಿನ ಪ್ಲೇಗು ಶಿಬಿರದಲ್ಲಿ ಸಾವಿನ ನಡುವೆ ನಿಂತು ದುಡಿದರು. ಇಲ್ಲೂ ಎಲ್ಲವೂ ಸೌಮ್ಯವಾಗಿ ನಡೆಯಿತೆಂದು ಹೇಳಲಾಗದು. ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಅದೇ ವರ್ಷ ಪ್ಲೇಗು ಕ್ರಮಗಳ ವಿರುದ್ಧ ಜನ ದಂಗೆಯೆದ್ದರು. ಜನಗಣತಿಯ ಪ್ರಕಾರ 1891ರಲ್ಲಿ ಪೇಟೆ ಮತ್ತು ದಂಡು ಸೇರಿ 1,80,366 ಇದ್ದ ಬೆಂಗಳೂರಿನ ಜನಸಂಖ್ಯೆ 1901ರಲ್ಲಿ 1,59,046ಕ್ಕೆ ಇಳಿದಿತ್ತು. ಇಕ್ಕಟ್ಟಾದ ಪೇಟೆಯಿಂದ ಮಲ್ಲೇಶ್ವರ, ಬಸವನಗುಡಿಗಳ ಅಗಲವಾದ ಬೀದಿಗಳಿಗೆ ಜನ ಹೊರಟರು. ಊರಿನ ಬೇರೆ ಬೇರೆ ಭಾಗಗಳಲ್ಲಿ ಪ್ಲೇಗಿನಮ್ಮನಿಗೆ ಗುಡಿಗಳೂ ಎದ್ದವು. ಅಮ್ಮನಿಗೆ ಹರಕೆ ಹೊತ್ತವರೇ ಬಯಲಿಗೆ ಹೋಗಿ ಗುಡಿಸಲನ್ನೂ ಹಾಕಿಕೊಂಡರು; ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂದು ಅವರಿಗೆ ಅನ್ನಿಸಲೇ ಇಲ್ಲ.

2020ರೊಂದಿಗೆ ಹೋಲಿಸಬಹುದೇ ಎಂದೂ ನೀವು ಕೇಳಿದ್ದೀರಿ. ಒಂದು ಮಟ್ಟಿಗೆ ಹೋಲಿಸಬಹುದು. ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯಲ್ಲಿ ಮಾರ್ಚ್ 10ರಂದು ಸಂಭವಿಸಿತು, ಮತ್ತು ಮರುದಿನ ರಾಜ್ಯ ಸರ್ಕಾರ ನಿಯಮಗಳನ್ನು ಹೊರಡಿಸಿದ್ದು ಆ 1897ರ ಕಾಯಿದೆಯ ಅಡಿಯಲ್ಲೇ. ಈ ಸಲ ವಿಜ್ಞಾನ ಬಲವಾಗಿತ್ತು, ಸರ್ಕಾರ ನಮ್ಮದೇ ಆಗಿತ್ತು. ಆದರೂ ಕದ ತಟ್ಟುವ ರೀತಿ ಹೆಚ್ಚೇನೂ ಬದಲಾಗಿರಲಿಲ್ಲ. ವಿದೇಶದಿಂದ ಹಿಂದಿರುಗಿದ ನನ್ನ ತಮ್ಮನ ಕೈಗೆ ಮುದ್ರೆ ಒತ್ತಿದ್ದರು. ಮನೆಯಲ್ಲೇ ಇರಬೇಕೆಂಬ ಮಾತಿಗೆ ನಮ್ಮಲ್ಲಿ ಯಾರ ವಿರೋಧವೂ ಇರಲಿಲ್ಲ. ಅವನು ತಾನಾಗಿಯೇ ಮಹಡಿಯ ಕೋಣೆ ಸೇರಿಕೊಂಡಿದ್ದ. ಅನಂತರ ಬಂದ ಇಬ್ಬರು ಸಿಬ್ಬಂದಿ ನಮ್ಮೊಡನೆ ಒಂದು ಮಾತನ್ನೂ ಆಡದೆ ಬಾಗಿಲಿಗೆ ಅವನ ಹೆಸರಿದ್ದ ಕಾಗದ ಅಂಟಿಸಿ ಹೋದರು. ಮರುದಿನದಿಂದ ಹಾಲಿನವನು ಬರಲಿಲ್ಲ, ಎದುರು ಮನೆಯವರು ಕಿಟಕಿ ತೆರೆಯಲಿಲ್ಲ. ಎಪ್ಪತ್ತೆಂಟು ವರ್ಷದ ನನ್ನ ತಾಯಿ ಆ ಕಾಗದವನ್ನು ಕಿತ್ತುಹಾಕಲು ಹೊರಟಾಗ ತಡೆದವನು ನಾನೇ. ಹದಿನಾಲ್ಕು ದಿನ ಮುಗಿದ ಮೇಲೆ ಅದನ್ನು ತೆಗೆಯಲು ಯಾರೂ ಬರಲಿಲ್ಲ. ನಾವೇ ನೀರು ಹಚ್ಚಿ ಕೆರೆದು ತೆಗೆದೆವು.