ಬೀಟ್‌ರೂಟ್ ಯಾಕೆ ಕಂದು ಆಯ್ತು, ನಿಂಬೆ ಪರಿಮಳ ಎಲ್ಲಿಗೆ ಹೋಯ್ತು? ಮನೆ ಸೋಪಿನ ಪ್ರಶ್ನೆಗಳು

ಪ್ರಶ್ನೆ: ಗುಲಾಬಿ ಬಣ್ಣದ ಸೋಪು ಬೇಕು ಅಂತ ಬೀಟ್‌ರೂಟ್ ಪುಡಿ ಹಾಕಿದ್ದೆ. ಕಲಸೋಕೆ ಮುಂಚೆ ಎಷ್ಟು ಚೆನ್ನಾಗಿತ್ತು, ಬೆಳಿಗ್ಗೆ ಅಚ್ಚಿಂದ ತೆಗೆದು ನೋಡಿದ್ರೆ ಮಣ್ಣಿನ ಬಣ್ಣ. ದಾಸವಾಳದ ಪುಡೀದೂ ಅದೇ ಕಥೆ. ಪುಡಿ ಹಳೇದಾಗಿತ್ತಾ?

ಉತ್ತರ: ಪುಡಿ ನಿನ್ನೆ ತಂದಿದ್ರೂ ಅಷ್ಟೇ ಆಗ್ತಿತ್ತು, ಅದು ಎಣ್ಣೇನ ಸೋಪು ಮಾಡೋ ಕಾಸ್ಟಿಕ್ ಸೋಡಾದ ಕೆಲಸ. ಹೂವು, ಹಣ್ಣು, ಬೀಟ್‌ರೂಟಿನ ಕೆಂಪು ಬಣ್ಣಗಳಿಗೆ ಹುಳಿ ಅಂದ್ರೆ ಇಷ್ಟ, ಕ್ಷಾರ ಅಂದ್ರೆ ಆಗಲ್ಲ. ಹಸಿ ಸೋಪು ಅಂದ್ರೆ ಜೋರು ಕ್ಷಾರ, ಪೂರ್ತಿ ಮಾಗಿದ ಮೇಲೂ ಅದರ ಪಿಎಚ್ 9-10ರ ಆಸುಪಾಸಲ್ಲೇ ಇರತ್ತೆ, ಹಾಗಾಗಿ ಅಡುಗೆಮನೆಯಲ್ಲಿ ಕಣ್ಣಿಗೆ ಚೆಂದ ಕಾಣೋ ಬಣ್ಣ ಸೋಪಲ್ಲಿ ಹಾಗೇ ಇರತ್ತೆ ಅಂತ ನಂಬ್ಕೊಂಡು ಕೂರಬೇಡಿ. ಅರಿಶಿನಾನೇ ನೋಡಿ, ಲೈ (ನೀರಲ್ಲಿ ಕರಗಿಸಿದ ಕಾಸ್ಟಿಕ್ ಸೋಡಾ) ತಾಗಿದ ಕೂಡ್ಲೇ ಕೆಂಪಾಗತ್ತೆ, ಸೋಪು ಮಾಗ್ತಾ ಕಿತ್ತಳೆ ಹಳದಿ ಕಡೆಗೆ ಬರತ್ತೆ, ಬೆಳಕಲ್ಲಿ ಇಟ್ರೆ ನಿಧಾನಕ್ಕೆ ಮಾಸತ್ತೆ. ಪಾಲಕ್ ಪುಡಿಯ ಹಸಿರೂ ಬೆಳಕಿಗೆ ನಿಲ್ಲಲ್ಲ.

ಒಂದು ಬ್ಯಾಚ್ ಎಣ್ಣೆ ಹಾಳಾಗೋ ಮುಂಚೆ ಒಂದು ಸಣ್ಣ ಟೆಸ್ಟ್ ಮಾಡ್ಕೊಳ್ಳಿ. ಬಟ್ಟೆ ಒಗೆಯೋ ವಾಷಿಂಗ್ ಸೋಡಾನ ನೀರಲ್ಲಿ ಕರಗಿಸಿ (ಅಡುಗೆ ಸೋಡಾ ಬೇಡ, ಅದರ ಕ್ಷಾರ ಸಾಲಲ್ಲ), ಅದಕ್ಕೆ ಚಿಟಿಕೆ ಪುಡಿ ಹಾಕಿ ಒಂದು ರಾತ್ರಿ ಬಿಡಿ. ಅಲ್ಲೇ ಬಣ್ಣ ಕೆಟ್ರೆ ಸೋಪಲ್ಲೂ ಕೆಡತ್ತೆ. ಅಲ್ಲಿ ಪಾಸ್ ಆದ್ರೂ ಸೋಪಲ್ಲಿ ಗ್ಯಾರಂಟಿ ಇಲ್ಲ, ಆದ್ರೆ ಅರ್ಧ ತಲೆನೋವು ಕಮ್ಮಿ.

ನಂಬಬಹುದಾದ ಬಣ್ಣಗಳು ಅಂದ್ರೆ ಕೆಂಪು ಜೇಡಿಮಣ್ಣು, ಇದ್ದಿಲು ಪುಡಿ, ಐರನ್ ಆಕ್ಸೈಡ್, ಅಲ್ಟ್ರಾಮರೀನ್. ಗಿಡದ್ದೇ ಬೇಕು ಅನ್ನೋರಿಗೆ ನೀಲಿ ಗಿಡದ (ಇಂಡಿಗೊ) ಪುಡಿ, ಗುಲಾಬಿಗೆ ಮಂಜಿಷ್ಠ. 500 ಗ್ರಾಂ ಎಣ್ಣೆಗೆ ಅರ್ಧ ಟೀ ಚಮಚದಿಂದ ಶುರು ಮಾಡಿ, ಮೊದ್ಲು ಸ್ವಲ್ಪ ಎಣ್ಣೇಲಿ ಗಂಟಿಲ್ಲದ ಹಾಗೆ ಕಲಸಿಕೊಂಡು ಆಮೇಲೆ ಸೇರಿಸಿ, ಇಲ್ಲಾಂದ್ರೆ ಸೋಪಿನ ತುಂಬ ಚುಕ್ಕಿ. ಇದ್ದಿಲು ಜಾಸ್ತಿ ಆದ್ರೆ ನೊರೆ ಬೂದಿ ಬಣ್ಣ ಬಂದು ಟವೆಲ್ಲಿಗೂ ಹತ್ತತ್ತೆ, ಇನ್‌ಸ್ಟಾಗ್ರಾಮ್ ಫೋಟೋ ಒಳಗೆ ಅದನ್ನ ಯಾರೂ ತೋರ್ಸಲ್ಲ!

ಪ್ರಶ್ನೆ: ಒಂದು ರೆಸಿಪಿಯಲ್ಲಿ ಕೊಬ್ಬರಿ ಎಣ್ಣೆ ಜಾಸ್ತಿ ಇತ್ತು, ಚರ್ಮ ಒಣಗತ್ತೆ ಅಂತ ಅದರ ಬದಲು ಆಲಿವ್ ಎಣ್ಣೆ ಹಾಕ್ಬೇಕು ಅಂತಿದೀನಿ. ಕಾಸ್ಟಿಕ್ ಸೋಡಾ ಅಷ್ಟೇ ಇರ್ಲಾ?

ಉತ್ತರ: ಖಂಡಿತ ಬೇಡ! ಈ ಒಂದು ಜಾಗದಲ್ಲಿ ಮಾತ್ರ ಪ್ರಯೋಗ ಬೇಡ, ಲೆಕ್ಕ ಬೇಕು. ಒಂದೊಂದು ಎಣ್ಣೆಗೆ ಒಂದೊಂದು ಅಳತೆ ಕಾಸ್ಟಿಕ್ ಸೋಡಾ ಬೇಕಾಗತ್ತೆ, 100 ಗ್ರಾಂ ಕೊಬ್ಬರಿ ಎಣ್ಣೆ ಸುಮಾರು 18 ಗ್ರಾಂ ಎಳ್ಕೊಳತ್ತೆ, ಅಷ್ಟೇ ಆಲಿವ್ ಎಣ್ಣೆಗೆ ಸುಮಾರು 13.5 ಗ್ರಾಂ ಸಾಕು. ನೀವು ಎಣ್ಣೆ ಬದಲಾಯಿಸಿ ಸೋಡಾ ಹಾಗೇ ಬಿಟ್ರೆ ಮಿಕ್ಕಿದ್ದು ಸೋಪಲ್ಲೇ ಉಳಿದು ಚರ್ಮ ಸುಡತ್ತೆ. ಎಣ್ಣೆ ಬದಲಾದಾಗಲೆಲ್ಲ ಆನ್‌ಲೈನ್ ಸೋಪ್ ಕ್ಯಾಲ್ಕುಲೇಟರಿಗೆ ಹಾಕಿ ನೋಡಿ, ಅಳತೆ ಎಲ್ಲಾ ತೂಕದ್ದೇ, ಕಪ್, ಚಮಚದ್ದಲ್ಲ.

ಶುರು ಮಾಡೋಕೆ ಒಂದು ಸಾದಾ ಅಳತೆ ಕೊಡ್ತೀನಿ: ಆಲಿವ್ 300 ಗ್ರಾಂ, ಕೊಬ್ಬರಿ ಎಣ್ಣೆ 160, ಹರಳೆಣ್ಣೆ 40, ಇದಕ್ಕೆ ಕಾಸ್ಟಿಕ್ ಸೋಡಾ 70 ಗ್ರಾಂ, ನೀರು 140. ಇದರಲ್ಲಿ ನೂರಕ್ಕೆ ಐದಾರರಷ್ಟು ಎಣ್ಣೆ ಸೋಪಾಗದೆ ಉಳಿಯತ್ತೆ, ಅದು ಬೇಕಂತಲೇ ಬಿಡೋದು, ಚರ್ಮಕ್ಕೆ ಒಳ್ಳೇದು, ಅಳತೆ ಚೂರು ಹೆಚ್ಚುಕಮ್ಮಿ ಆದ್ರೂ ಕಾಪಾಡತ್ತೆ. ಸೋಡಾನ ನೀರಿಗೆ ಹಾಕಬೇಕು, ಸೋಡಾ ಮೇಲೆ ನೀರು ಸುರಿಬಾರದು, ಕುದ್ದು ಮುಖಕ್ಕೇ ಎಗರತ್ತೆ. ಅಲ್ಯೂಮಿನಿಯಂ ಪಾತ್ರೆ ಮುಟ್ಟಲೇಬೇಡಿ, ಲೈ ಅದನ್ನ ತಿಂದು ಹೈಡ್ರೋಜನ್ ಬಿಡತ್ತೆ, ಸ್ಟೀಲ್ ಪಾತ್ರೆ ಸರಿ. ಕೈಗೆ ಗ್ಲೌಸು, ಕಣ್ಣಿಗೆ ಗಾಗಲ್ಸು ಇರ್ಲಿ, ಮೈಗೆ ತಾಗಿದ್ರೆ ನಲ್ಲಿ ಕೆಳಗೆ ಹರಿಯೋ ನೀರಲ್ಲಿ ತುಂಬಾ ಹೊತ್ತು ತೊಳೀರಿ, ವಿನಿಗರ್ ಹಚ್ಚೋಕೆ ಹೋಗಬೇಡಿ.

ಪ್ರಶ್ನೆ: ಲವಂಗದ ಎಣ್ಣೆ ಹಾಕಿದ್ದೇ ತಡ ಮಿಶ್ರಣ ಪಾತ್ರೇಲೇ ಗಟ್ಟಿ ಆಗೋಯ್ತು, ಅಚ್ಚಿಗೆ ಸುರಿಯೋಕೂ ಆಗ್ಲಿಲ್ಲ. ಇನ್ನೊಂದು ಸಲ ನಿಂಬೆ ಎಣ್ಣೆ ಹಾಕ್ದೆ, ಅದು ಚೆನ್ನಾಗಿ ಬಂತು, ಆದ್ರೆ ತಿಂಗಳು ಕಳೆಯೋದ್ರೊಳಗೆ ವಾಸನೇನೇ ಇಲ್ಲ.

ಉತ್ತರ: ಲವಂಗದಲ್ಲಿರೋ ಯೂಜಿನಾಲ್ ಸೋಪಾಗೋ ಕೆಲಸಾನ ಓಡಿಸಿಬಿಡತ್ತೆ, ದಾಲ್ಚಿನ್ನಿ ಎಣ್ಣೇನೂ ಹಾಗೇ, ಮೇಲಾಗಿ ಎರಡೂ ಚರ್ಮಕ್ಕೆ ಉರಿ. ಬಹಳ ಕಮ್ಮಿ ಹಾಕಿ, ಬೇರೆ ಪರಿಮಳದ ಜೊತೆ ಬೆರೆಸಿ, ಹ್ಯಾಂಡ್ ಬ್ಲೆಂಡರ್ ಪಕ್ಕಕ್ಕಿಟ್ಟು ಸೌಟಲ್ಲಿ ಕಲಸಿ. ಎಣ್ಣೆ, ಲೈ ಇನ್ನೂ ತೆಳ್ಳಗಿರೋವಾಗ್ಲೇ ಹಾಕಿದ್ರೆ ಅಚ್ಚಿಗೆ ಸುರಿಯೋಕೆ ಟೈಮ್ ಸಿಗತ್ತೆ. ಗಟ್ಟಿ ಆದದ್ದನ್ನ ಎಸೀಬೇಡಿ, ಅಳತೆ ಸರಿ ಇದ್ರೆ ಅಚ್ಚಿಗೆ ಒತ್ತಿ ತುಂಬಿ ಮಾಗೋಕೆ ಬಿಡಿ, ನೋಡೋಕೆ ಒರಟು, ಕೊಳೆ ಮಾತ್ರ ಸರಿಯಾಗೇ ತೆಗಿಯತ್ತೆ.

ನಿಂಬೆ, ಕಿತ್ತಳೆ ಎಣ್ಣೆಗಳು ಬೇಗ ಹಾರೋ ಜಾತಿ, ನಾಲ್ಕರಿಂದ ಆರು ವಾರ ಮಾಗೋ ಸೋಪಲ್ಲಿ ಅವು ನಿಲ್ಲೋದು ಕಷ್ಟ. ಅದೇ ಥರದ ವಾಸನೆ ಬೇಕಂದ್ರೆ ನಿಂಬೆಹುಲ್ಲಿನ ಎಣ್ಣೆ ಹಾಕಿ, ಇದು ಹೆಚ್ಚು ದಿನ ನಿಲ್ಲತ್ತೆ, ಜೊತೆಗೆ ಪಚೌಲಿ ಅಥವಾ ಸೀಡರ್‌ವುಡ್ ಥರದ ಭಾರದ ವಾಸನೆ ಒಂದು ಸ್ವಲ್ಪ ಇರ್ಲಿ. ಲವಂಗ ದಾಲ್ಚಿನ್ನಿ ಬಿಟ್ಟು ಉಳಿದ ಎಷ್ಟೋ ಪರಿಮಳದ ಎಣ್ಣೆಗಳು 500 ಗ್ರಾಂ ಸೋಪಿನ ಎಣ್ಣೆಗೆ ಒಟ್ಟು 15 ಗ್ರಾಂ ಸಾಕು. ಮೈಗೆ ಹೊಡ್ಕೊಳ್ಳೋ ಸೆಂಟು ಮಾತ್ರ ಸುರೀಬೇಡಿ, ಅದರಲ್ಲಿರೋ ಆಲ್ಕೋಹಾಲಿಗೆ ಮಿಶ್ರಣ ಗಂಟು ಕಟ್ಟೋ ಚಾನ್ಸ್ ಇದೆ. ವೆನಿಲ್ಲಾ ಪರಿಮಳ ಇರೋದು ಹಾಕಿದ್ರೆ ವೆನಿಲಿನ್‌ನಿಂದ ಸೋಪು ದಿನ ಕಳೆದಂಗೆ ಕಂದಾಗತ್ತೆ, ಬಿಳಿ ಸೋಪಿನ ಆಸೆ ಬಿಡಿ, ಚಾಕಲೇಟ್ ಬಣ್ಣದ ಡಿಸೈನ್ ಮಾಡ್ಕೊಳ್ಳಿ.

ಪ್ರಶ್ನೆ: ಸೋಪಿನ ಮೇಲೆ ಬಿಳಿ ಪುಡಿ ಥರ ಬಂದಿದೆ, ಬೂಸ್ಟಾ?

ಉತ್ತರ: ಅಲ್ಲ. ಮೇಲಿನ ಪದರದಲ್ಲಿ ಉಳಿದ ಕಾಸ್ಟಿಕ್ ಸೋಡಾಗೆ ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಆದದ್ದು, ಸೋಡಿಯಂ ಕಾರ್ಬೊನೇಟ್, ಒಂದು ಸಲ ತೊಳೆದ್ರೆ ಹೋಗತ್ತೆ. ಕಿತ್ತಳೆ ಚುಕ್ಕಿ ಬಂದು ಕಮಟು ವಾಸನೆ ಹೊಡೀತಿದ್ರೆ ಅದು ಬೇರೆ, ಎಣ್ಣೆ ಕೆಟ್ಟಿದೆ ಅಂತ ಅರ್ಥ.

ಪ್ರಶ್ನೆ: ಮಕ್ಕಳ ಜೊತೆ ಕೂತು ಮಾಡ್ಬೇಕು, ಕಾಸ್ಟಿಕ್ ಸೋಡಾ ಇಲ್ಲದೆ ಆಗಲ್ವಾ?

ಉತ್ತರ: ಸೋಡಾ ಇಲ್ದೆ ಎಣ್ಣೆ ಸೋಪಾಗೋದಿಲ್ಲ, ಆದ್ರೆ ಆ ಕೆಲಸ ಬೇರೆಯವರು ಮೊದ್ಲೇ ಮುಗಿಸಿರೋ ಗ್ಲಿಸರಿನ್ ಸೋಪ್ ಬೇಸ್ ಸಿಗತ್ತೆ. ಕರಗಿಸೋದು ದೊಡ್ಡವರ ಕೆಲಸ, ಕುದಿಸಬಾರದು, ಸ್ವಲ್ಪ ತಣಿದ ಮೇಲೆ ಬಣ್ಣ, ಪರಿಮಳ ಬೆರೆಸಿ ಸುರಿಯೋದು ಮಕ್ಕಳದ್ದು. ಗಟ್ಟಿಯಾದ ಮೇಲೆ ಅವತ್ತೇ ಬಳಸಬಹುದು. ಮೇಲೆ ನೀರಿನ ಹನಿ ಕೂರತ್ತೆ, ಗ್ಲಿಸರಿನ್ ಗಾಳಿಯ ತೇವ ಎಳ್ಕೊಳ್ಳೋದ್ರಿಂದ ಹಾಗೆ, ಬಳಸೋ ತನಕ ಪ್ಲಾಸ್ಟಿಕ್ ಹಾಳೇಲಿ ಸುತ್ತಿಡಿ.